ಸಿಲಿಂಡರ್, ಪೈಪ್‌ಲೈನ್, ಗೋಬರ್: ನಿಮ್ಮ ಮನೆಗೆ ಯಾವ ಗ್ಯಾಸ್?

ಕರ್ನಾಟಕದ ಅಡುಗೆಮನೆಗಳಲ್ಲಿ ಇವತ್ತು ಗ್ಯಾಸ್ ಎಂಬ ಒಂದೇ ಹೆಸರಿನಲ್ಲಿ ಮೂರು ಬಗೆಯ ಅನಿಲ ಉರಿಯುತ್ತಿದೆ. ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಬೆರಕೆ. ಒತ್ತಡಕ್ಕೆ ಸಿಕ್ಕಿ ದ್ರವವಾಗಿ ಕೂತಿರುತ್ತದೆ. ಪೈಪ್‌ಲೈನಿನಲ್ಲಿ ಬರುವ ನೈಸರ್ಗಿಕ ಅನಿಲ ಬಹುಪಾಲು ಮೀಥೇನ್. ಗೋಬರ್ ಗ್ಯಾಸಿನಲ್ಲೂ ಉರಿಯುವುದು ಮೀಥೇನೇ, ಆದರೆ ಅದರಲ್ಲಿ ಮೀಥೇನ್ ಶೇ. 55ರಿಂದ 65ರಷ್ಟು ಮಾತ್ರ. ಉಳಿದದ್ದು ಹೆಚ್ಚಾಗಿ ಉರಿಯದ ಇಂಗಾಲದ ಡೈಆಕ್ಸೈಡ್, ಜೊತೆಗೆ ನೀರಾವಿ, ಅತ್ಯಲ್ಪ ಹೈಡ್ರೋಜನ್ ಸಲ್ಫೈಡ್.

ಯಾವುದು ಅಗ್ಗ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಲೆಕ್ಕ ಹಾಕಿದರೆ ಸಿಲಿಂಡರಿಗೂ ಪೈಪಿಗೂ ತಿಂಗಳ ಖರ್ಚಿನಲ್ಲಿ ಅಂಥ ದೊಡ್ಡ ಅಂತರ ಇರುವುದಿಲ್ಲ. ಹಾಗಾಗಿ ದರಕ್ಕಿಂತ ಮೊದಲು ಮನೆಯನ್ನು ನೋಡಬೇಕು. ಸ್ವಂತದ್ದೋ ಬಾಡಿಗೆಯದೋ, ಎಷ್ಟನೇ ಮಹಡಿ, ಲಿಫ್ಟ್ ಇದೆಯೋ, ಅಡುಗೆಮನೆಗೆ ಗಾಳಿ ಕೆಳಗಿನಿಂದ ಬರುತ್ತದೋ ಮೇಲಿನಿಂದಲೋ, ಕೊಟ್ಟಿಗೆಯಲ್ಲಿ ಎಷ್ಟು ದನಗಳಿವೆ. ಇವಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ಮುಗಿದಂತೆಯೇ.

ದರದ ಲೆಕ್ಕ, ಒಂದೇ ಸಲಕ್ಕೆ

ಸಿಲಿಂಡರನ್ನು ಕಿಲೋದಲ್ಲಿ ಮಾರುತ್ತಾರೆ, ಪೈಪ್‌ಲೈನ್ ಗ್ಯಾಸನ್ನು ಘನ ಮೀಟರ್ ಲೆಕ್ಕದಲ್ಲಿ. ಬೆಲೆಗೆ ಬೆಲೆ ಇಟ್ಟು ನೋಡಿದರೆ ಏನೂ ತಿಳಿಯುವುದಿಲ್ಲ. ಶಾಖಕ್ಕೆ ಶಾಖ ತೂಗಬೇಕು. ಒಂದು ಕಿಲೋ ಎಲ್‌ಪಿಜಿ ಸುಮಾರು 11,000 ಕಿಲೋಕ್ಯಾಲೊರಿ ಶಾಖ ಕೊಡುತ್ತದೆ. ಒಂದು ಘನ ಮೀಟರ್ ನೈಸರ್ಗಿಕ ಅನಿಲ ಕೊಡುವುದು 8,500ರಿಂದ 9,000. ಅಂದರೆ 14.2 ಕಿಲೋದ ಒಂದು ಸಿಲಿಂಡರ್ ಪೈಪ್‌ಲೈನಿನ 17ರಿಂದ 18 ಯೂನಿಟ್‌ಗೆ (ಇಲ್ಲಿ ಯೂನಿಟ್ ಎಂದರೆ ಒಂದು ಘನ ಮೀಟರ್) ಸಮ.

ನಿಮ್ಮೂರಿನ ಸಿಲಿಂಡರ್ ಬೆಲೆಯನ್ನು 17.5ರಿಂದ ಭಾಗಿಸಿ. ಬೆಲೆ 850 ರೂಪಾಯಿ ಇದ್ದರೆ ಉತ್ತರ ಸುಮಾರು 48.50. ಪೈಪ್‌ಲೈನಿನ ಯೂನಿಟ್ ದರ, ತೆರಿಗೆ ಸೇರಿ, ಅದಕ್ಕಿಂತ ಕಡಿಮೆ ಇದ್ದರೆ ಪೈಪ್ ಅಗ್ಗ, ಹೆಚ್ಚಿದ್ದರೆ ಸಿಲಿಂಡರ್ ಅಗ್ಗ. ನಾಲ್ಕು ಜನರ ಮನೆಗೆ ತಿಂಗಳಿಗೆ 8ರಿಂದ 10 ಕಿಲೋ ಎಲ್‌ಪಿಜಿ ಬೇಕು ಎಂದಿಟ್ಟುಕೊಂಡರೆ ಅದು 10ರಿಂದ 13 ಯೂನಿಟ್ ಆಗುತ್ತದೆ. ಯೂನಿಟ್ಟಿಗೆ ಮೂರು ರೂಪಾಯಿ ಉಳಿದರೂ ತಿಂಗಳಿಗೆ ನಲವತ್ತು ರೂಪಾಯಿ ಮೀರದು. ಸಿಲಿಂಡರಿನ ಸಹಾಯಧನ ಸಿಗುವ ಮನೆಯಾದರೆ ಅದನ್ನು ಕಳೆದು ಲೆಕ್ಕ ಹಾಕಿ. ಆಗ ಸಿಲಿಂಡರೇ ಗೆಲ್ಲುವ ಸಾಧ್ಯತೆ ಹೆಚ್ಚು. ಮನೆ ಸಿಲಿಂಡರಿನ ಬೆಲೆಯಲ್ಲಿ ಶೇ. 5 ಜಿಎಸ್‌ಟಿ ಸೇರಿಕೊಂಡಿರುತ್ತದೆ. ನೈಸರ್ಗಿಕ ಅನಿಲ ಜಿಎಸ್‌ಟಿಗೆ ಒಳಪಟ್ಟಿಲ್ಲ, ಅದಕ್ಕೆ ರಾಜ್ಯದ ವ್ಯಾಟ್ ಬೀಳುತ್ತದೆ. ಬಿಲ್ಲಿನಲ್ಲಿ ಅದನ್ನು ಬೇರೆ ಸಾಲಾಗಿ ತೋರಿಸಿದ್ದರೆ ಕೂಡಿಸಲು ಮರೆಯಬೇಡಿ.

ಇಂಡಕ್ಷನ್ ಒಲೆಯೂ ಈ ಲೆಕ್ಕದೊಳಕ್ಕೆ ಬರುತ್ತದೆ. ಗ್ಯಾಸ್ ಒಲೆಯ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ಪಾತ್ರೆಯ ಪಕ್ಕದಿಂದ ಹಾರಿಹೋಗುತ್ತದೆ, ಇಂಡಕ್ಷನ್ನಿನಲ್ಲಿ ನಷ್ಟ ಅದಕ್ಕಿಂತ ಬಹಳ ಕಡಿಮೆ. ಎರಡನ್ನೂ ಹಿಡಿದರೆ ಒಂದು ಸಿಲಿಂಡರ್ ಮಾಡುವ ಕೆಲಸವನ್ನು 135ರಿಂದ 140 ಯೂನಿಟ್ ಕರೆಂಟು ಮಾಡುತ್ತದೆ. 850 ರೂಪಾಯಿಯ ಸಿಲಿಂಡರಿಗೆ ಇದು ಯೂನಿಟ್ಟಿಗೆ ಆರು ರೂಪಾಯಿ ಚಿಲ್ಲರೆ. ಗೃಹಜ್ಯೋತಿ ಇರುವ ಮನೆಯವರು ಇಲ್ಲಿ ಎಚ್ಚರವಾಗಿರಬೇಕು. ಉಚಿತದ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ, ಅದನ್ನು ಹಳೆಯ ಸರಾಸರಿ ಬಳಕೆಯ ಮೇಲೆ ನಿಗದಿ ಮಾಡಿದ್ದಾರೆ. ಇಂಡಕ್ಷನ್ನಿನಿಂದ ನಿಮ್ಮ ಮಿತಿ ದಾಟಿದರೆ ಹೆಚ್ಚುವರಿಗೆ ಹಣ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲು ನಿಮ್ಮ ತಲೆಗೆ. ಉಳಿತಾಯಕ್ಕೆಂದು ತಂದ ಒಲೆಯೇ ತಿಂಗಳ ಖರ್ಚು ಏರಿಸುವುದು ಹೀಗೆ.

14.2 ಕಿಲೋದ ಸಿಲಿಂಡರ್

ಬಾಡಿಗೆ ಮನೆಯವರಿಗೆ, ಊರು ಬದಲಿಸುತ್ತಿರುವವರಿಗೆ, ಪೈಪ್‌ಲೈನ್ ಬಾರದ ಊರಿನವರಿಗೆ ಇದೇ ಸರಿ. ಸಂಪರ್ಕ ಮನೆಗಲ್ಲ, ವ್ಯಕ್ತಿಗೆ ಸೇರಿದ್ದು. ಊರು ಬಿಡುವಾಗ ಖಾಲಿ ಸಿಲಿಂಡರ್ ಮತ್ತು ರೆಗ್ಯುಲೇಟರ್ ಒಪ್ಪಿಸಿ ವರ್ಗಾವಣೆ ಚೀಟಿ ಪಡೆದರೆ ಹೊಸ ಊರಿನಲ್ಲಿ ಮತ್ತೆ ತೆಗೆದುಕೊಳ್ಳಬಹುದು.

ದೊಡ್ಡ ತೊಂದರೆ ತೂಕದ್ದು. ಖಾಲಿ ಉಕ್ಕಿನ ಸಿಲಿಂಡರೇ 15ರಿಂದ 16 ಕಿಲೋ, ತುಂಬಿದ್ದು ಹತ್ತಿರ ಹತ್ತಿರ 30. ಲಿಫ್ಟ್ ಇಲ್ಲದ ಮೂರನೇ ಮಹಡಿಯಲ್ಲಿ ವಯಸ್ಸಾದವರಿಬ್ಬರೇ ಇದ್ದರೆ, ಅಥವಾ ಮಲೆನಾಡಿನಲ್ಲಿ ಗ್ಯಾಸಿನ ಗಾಡಿ ಮುಖ್ಯರಸ್ತೆಯಲ್ಲೇ ನಿಂತು ಮನೆ ಅರ್ಧ ಮೈಲಿ ಒಳಗಿದ್ದರೆ, ಈ ಮೂವತ್ತು ಕಿಲೋವೇ ನಿರ್ಣಾಯಕ.

ತಂದುಕೊಟ್ಟಾಗ ನೋಡಬೇಕಾದದ್ದು ಮೂರು. ಮೊದಲು ತೂಕ. ಹಿಡಿಕೆಯ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ. ಅದು 15.3 ಎಂದಿದ್ದರೆ ತುಂಬಿದ ಸಿಲಿಂಡರ್ 29.5 ತೂಗಬೇಕು. ತರುವವರ ಬಳಿ ತಕ್ಕಡಿ ಇರಬೇಕಾದ್ದು ನಿಯಮ, ಕೇಳಲು ಸಂಕೋಚ ಬೇಡ. ಸೀಲ್ ಸರಿಯಿದ್ದ ಮಾತ್ರಕ್ಕೆ ತೂಕವೂ ಸರಿ ಎಂದುಕೊಳ್ಳಬೇಡಿ. ಎರಡನೆಯದು ಪರೀಕ್ಷೆಯ ಗಡುವು. ಹಿಡಿಕೆಯ ಕೆಳಗಿನ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು, ಪಕ್ಕದಲ್ಲಿ ವರ್ಷದ ಕೊನೆಯ ಎರಡು ಅಂಕಿ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಉಳಿದ ಮೂರು ತಿಂಗಳು. ಬಿ-28 ಎಂದಿದ್ದರೆ 2028ರ ಜೂನ್ ಒಳಗೆ ಅದನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು. ಅನೇಕರು ಇದನ್ನು ಗ್ಯಾಸಿನ ಎಕ್ಸ್‌ಪೈರಿ ಎಂದು ತಿಳಿಯುತ್ತಾರೆ. ಗ್ಯಾಸ್ ಹಳಸುವುದಿಲ್ಲ, ದಿನಾಂಕ ಕಬ್ಬಿಣದ್ದು. ಗಡುವು ದಾಟಿದ ಸಿಲಿಂಡರನ್ನು ವಾಪಸು ಕಳಿಸಿ. ಮೂರನೆಯದು ವಾಲ್ವಿನೊಳಗಿನ ರಬ್ಬರ್ ಉಂಗುರ. ಸೀಲ್ ಬಿಚ್ಚಿ, ಮುಚ್ಚಳ ತೆಗೆದು, ಸಾಬೂನು ನೀರು ಹಾಕಿ ನೋಡಿ. ಗುಳ್ಳೆ ಎದ್ದರೆ ಮುಚ್ಚಳ ಹಾಕಿ ಅಲ್ಲಿಯೇ ಬದಲಿಸಿಕೊಳ್ಳಿ. ಹೊಸ ಸಿಲಿಂಡರ್ ಜೋಡಿಸಿದ ಕೂಡಲೇ ವಾಸನೆ ಬರುವುದಕ್ಕೆ ಹೆಚ್ಚಾಗಿ ಈ ಉಂಗುರವೇ ಕಾರಣ, ಕಳಚಿರುತ್ತದೆ ಅಥವಾ ಸೀಳಿರುತ್ತದೆ.

ಎಲ್ಲಿಡಬೇಕು ಎಂಬುದರಲ್ಲಿ ಮಾಡ್ಯುಲರ್ ಕಿಚನ್ ಮಾಡಿಸುವವರು ಬಹಳ ಎಡವುತ್ತಾರೆ. ಎಲ್‌ಪಿಜಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಲೀಕಾದರೆ ಚೆಲ್ಲಿದ ನೀರಿನ ಹಾಗೆ ನೆಲದ ಮೇಲೆ ಹರಡಿ ತಗ್ಗು ಹುಡುಕಿಕೊಂಡು ಹೋಗುತ್ತದೆ. ಮೇಲಿನ ಕಿಟಕಿ ಎಷ್ಟು ದೊಡ್ಡದಿದ್ದರೂ ಅಂಥ ಪ್ರಯೋಜನವಿಲ್ಲ. ಕಟ್ಟೆಯ ಕೆಳಗಿನ ಕಪಾಟಿಗೆ ಬಾಗಿಲು ಹಾಕಿಸುವುದಾದರೆ ಬಾಗಿಲಿನ ತಳಭಾಗದಲ್ಲಿ ಜಾಲರಿ ಬೇಕೇ ಬೇಕು. ನೆಲಮಾಳಿಗೆಯಲ್ಲಿ, ನೆಲಮಟ್ಟಕ್ಕಿಂತ ಕೆಳಗಿನ ಅಡುಗೆಮನೆಯಲ್ಲಿ ಸಿಲಿಂಡರ್ ಇಡಲೇಬಾರದು. ಒಲೆ ಸಿಲಿಂಡರಿಗಿಂತ ಎತ್ತರದಲ್ಲಿರಬೇಕು. ಸಿಲಿಂಡರ್ ಹೊರಗಿಟ್ಟು ರಬ್ಬರ್ ಪೈಪನ್ನು ಗೋಡೆಯ ತೂತಿನಿಂದ ಒಳತರುವುದು ತಪ್ಪು. ಗೋಡೆಯೊಳಗೆ ಅದು ಬಿರಿದರೆ ಕಾಣುವುದೇ ಇಲ್ಲ. ಹೊರಗಿಡಲೇಬೇಕಿದ್ದರೆ ತಾಮ್ರದ ಕೊಳವೆಯನ್ನು ಏಜೆನ್ಸಿಯ ಮೆಕ್ಯಾನಿಕ್‌ನಿಂದಲೇ ಹಾಕಿಸಿ.

ರಬ್ಬರ್ ಪೈಪಿನ ಮಾತು ಬಂದಿತು. ಕಿತ್ತಳೆ ಬಣ್ಣದ, ಒಳಗೆ ತಂತಿಯ ಹೆಣಿಗೆ ಇರುವ ಸುರಕ್ಷಾ ಪೈಪಿಗೆ ಐದು ವರ್ಷದ ಆಯುಷ್ಯ. ಮೈಮೇಲೆ ವರ್ಷ ಅಚ್ಚಾಗಿರುತ್ತದೆ. ಹಾರ್ಡ್‌ವೇರ್ ಅಂಗಡಿಯ ಹಸಿರು ಪೈಪು ಅಗ್ಗ ಎಂದು ಹಾಕಿಕೊಂಡು, ಅದರ ಮೇಲೆ ಚೆಂದಕ್ಕೆ ಬಟ್ಟೆಯ ಕವಚ ತೊಡಿಸಿದರೆ ಬಿರುಕು ಕಾಣದು, ಇಲಿ ಕಡಿದದ್ದೂ ಕಾಣದು. ನೋಂದಾಯಿತ ಗ್ರಾಹಕರಿಗೆ ತೈಲ ಕಂಪನಿಗಳ ಅಪಘಾತ ವಿಮೆ ಇದೆ. ಅವಘಡವಾದಾಗ ಒಲೆ, ಪೈಪು, ರೆಗ್ಯುಲೇಟರುಗಳ ಗುಣಮಟ್ಟದ ಗುರುತೂ ತನಿಖೆಗೆ ಬರುತ್ತದೆ.

ಮುಗಿಯುತ್ತಾ ಬಂದಾಗ ಸಿಲಿಂಡರನ್ನು ಅಡ್ಡ ಮಲಗಿಸುವುದು, ಬಿಸಿನೀರಿನಲ್ಲಿ ನಿಲ್ಲಿಸುವುದು ಇನ್ನೂ ನಡೆದೇ ಇದೆ. ಅಡ್ಡ ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ದ್ರವ ಆವಿಯಾದಾಗ ಸುಮಾರು 250 ಪಟ್ಟು ಹಿಗ್ಗುವುದರಿಂದ ಬರ್ನರಿನಲ್ಲಿ ಜ್ವಾಲೆ ಆಳೆತ್ತರಕ್ಕೆ ಏಳಬಹುದು. ಹಾಗೆ ಉಳಿಯುವುದು ನೂರು ಗ್ರಾಮೋ ಇನ್ನೂರು ಗ್ರಾಮೋ; ಅದಕ್ಕಾಗಿ ಮನೆ ಸುಟ್ಟುಕೊಳ್ಳುವುದೇ? ಕೊನೆಯಲ್ಲಿ ಜ್ವಾಲೆ ಹಳದಿಯಾಗಿ ಪಾತ್ರೆ ಕಪ್ಪಾಗುವುದು ಸಹಜ, ಹಗುರ ಪ್ರೊಪೇನ್ ಮೊದಲು ಹೋಗಿ ಭಾರದ ಅಂಶ ತಳದಲ್ಲಿ ಉಳಿದಿರುತ್ತದೆ. ಹೊಸ ಸಿಲಿಂಡರಿನಲ್ಲೂ ಹಳದಿಯೇ ಬಂದರೆ ದೋಷ ಒಲೆಯದು. ಬರ್ನರಿನ ತೂತುಗಳನ್ನು ಸೂಜಿಯಿಂದ ಬಿಡಿಸಿ, ಗಾಳಿ ಎಳೆಯುವ ಕಿಂಡಿಯಲ್ಲಿ ಜೇಡನ ಬಲೆಯೋ ಜಿಡ್ಡೋ ಇದ್ದರೆ ತೆಗೆಯಿರಿ. ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಸಣ್ಣ ಮೂತಿಯಾದ ಜೆಟ್ಟಿನ ತೂತಿಗೆ ಮಾತ್ರ ಸೂಜಿ ಹಾಕಬೇಡಿ, ಕೂದಲೆಳೆಯಷ್ಟು ದೊಡ್ಡದಾದರೂ ಗ್ಯಾಸ್ ಹೆಚ್ಚು ಬಂದು ಮತ್ತೆ ಮಸಿ.

5 ಕಿಲೋ ಮತ್ತು ಫೈಬರ್ ಸಿಲಿಂಡರ್

ಒಂಟಿಯಾಗಿ ರೂಮು ಮಾಡಿಕೊಂಡಿರುವ ಹುಡುಗರಿಗೆ, ವಿಳಾಸದ ದಾಖಲೆ ಇಲ್ಲದ ವಲಸೆ ಕೆಲಸಗಾರರಿಗೆ 5 ಕಿಲೋದ ಮುಕ್ತ ಮಾರಾಟದ ಸಿಲಿಂಡರ್ ಇದೆ. ಇಂಡೇನ್‌ನಲ್ಲಿ ಅದಕ್ಕೆ ಛೋಟು ಎಂಬ ಹೆಸರು. ಗುರುತಿನ ಚೀಟಿ ಸಾಕು, ಏಜೆನ್ಸಿಯಲ್ಲದೆ ಕೆಲವು ಪೆಟ್ರೋಲ್ ಬಂಕ್‌ಗಳಲ್ಲೂ ಸಿಗುತ್ತದೆ. ಕಿಲೋ ಲೆಕ್ಕದಲ್ಲಿ ಇದು ಮನೆ ಸಿಲಿಂಡರಿಗಿಂತ ದುಬಾರಿ, ಸಹಾಯಧನವೂ ಇಲ್ಲ. ಆದರೂ ಸಂದಿಗೊಂದಿಯಲ್ಲಿ ಸ್ಟೌವ್ ರಿಪೇರಿಯವರು ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ತುಂಬಿಸಿಕೊಡುವ ಡಬ್ಬಿಗಿಂತ ಸಾವಿರ ಪಾಲು ವಾಸಿ. ಆ ಡಬ್ಬಿಗಳಿಗೆ ಪರೀಕ್ಷೆಯೂ ಇಲ್ಲ, ಎಷ್ಟು ತುಂಬಬೇಕೆಂಬ ಮಿತಿಯೂ ಇಲ್ಲ. ಪೂರಾ ತುಂಬಿದರೆ ಬಿಸಿಲಿಗೆ ದ್ರವ ಹಿಗ್ಗಲು ಜಾಗವಿರದೆ ಸಿಡಿಯುತ್ತದೆ.

ಫೈಬರ್ ಸಿಲಿಂಡರ್ 10 ಮತ್ತು 5 ಕಿಲೋದಲ್ಲಿ ಸಿಗುತ್ತದೆ. ಉಕ್ಕಿನದಕ್ಕಿಂತ ಅರ್ಧದಷ್ಟು ಹಗುರ, ತುಕ್ಕು ಹಿಡಿಯದು, ಗ್ರಾನೈಟ್ ನೆಲದ ಮೇಲೆ ಕೆಂಪು ಬಳೆಯ ಗುರುತು ಉಳಿಯದು. ಗೋಡೆ ಅರೆಪಾರದರ್ಶಕ, ಬೆಳಕಿಗೆ ಹಿಡಿದರೆ ಗ್ಯಾಸ್ ಎಷ್ಟಿದೆ ಕಾಣುತ್ತದೆ. ಠೇವಣಿ ಉಕ್ಕಿನದಕ್ಕಿಂತ ಹೆಚ್ಚು, ಎಲ್ಲ ಏಜೆನ್ಸಿಗಳಲ್ಲಿ ಇರುವುದಿಲ್ಲ, ಮರುಪೂರಣ ಬೇಗ ಬೇಗ ಬೇಕು. ಇಬ್ಬರೇ ಇರುವ ಮನೆಗೆ, ಬೆನ್ನುನೋವಿನವರಿಗೆ ನಮ್ಮ ಮತ ಇದಕ್ಕೇ.

ಪೈಪ್‌ಲೈನ್ ಗ್ಯಾಸ್

ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಸರ್ಕಾರಿ ಅನಿಲ ಕಂಪನಿ ಗೇಲ್‌ನ ಕೊಳವೆಮಾರ್ಗ 2013ರಲ್ಲಿ ಬಂದಿತು. ಕೊಚ್ಚಿಯಿಂದ ಮಂಗಳೂರಿಗೆ ಬಂದ ಸುಮಾರು 450 ಕಿ.ಮೀ. ಮಾರ್ಗ 2021ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಮನೆಗಳಿಗೆ ಹಂಚುವ ಗುತ್ತಿಗೆ ಒಂದೊಂದು ಪ್ರದೇಶಕ್ಕೆ ಒಂದೊಂದು ಕಂಪನಿಯದು. ಬೆಂಗಳೂರಿನಲ್ಲಿ ಗೇಲ್ ಗ್ಯಾಸ್, ಧಾರವಾಡ ಜಿಲ್ಲೆಯಲ್ಲಿ ಇಂಡಿಯನ್ ಆಯಿಲ್ ಮತ್ತು ಅದಾನಿಯ ಜಂಟಿ ಸಂಸ್ಥೆ. ಹಾಗಾಗಿ ಸಿಲಿಂಡರಿನಂತೆ ಕಂಪನಿ ಆಯ್ದುಕೊಳ್ಳುವ ಸ್ವಾತಂತ್ರ್ಯ ಇಲ್ಲಿಲ್ಲ. ನಿಮ್ಮ ಬೀದಿಯಲ್ಲಿ ಕೊಳವೆ ಹಾಯ್ದಿದೆಯೋ ಇಲ್ಲವೋ ಅನ್ನುವುದೇ ಮೊದಲ ಪ್ರಶ್ನೆ. ಜಿಲ್ಲೆಯಲ್ಲಿ ಇದೆ ಎಂದರೆ ಬಡಾವಣೆಯಲ್ಲಿ ಇದೆ ಎಂದಲ್ಲ.

ಅನುಕೂಲ ದೊಡ್ಡದು. ಬುಕ್ಕಿಂಗ್ ಇಲ್ಲ, ಹೊರುವುದಿಲ್ಲ, ಹಬ್ಬದ ದಿನ ಹೋಳಿಗೆ ಅರ್ಧದಲ್ಲಿರುವಾಗ ಮುಗಿಯುವುದಿಲ್ಲ. ಬಳಸಿದ ಮೇಲೆ ಮೀಟರ್ ನೋಡಿ ಬಿಲ್ಲು. ಸುರಕ್ಷತೆಯಲ್ಲೂ ಒಂದು ಕೈ ಮೇಲು. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಲೀಕಾದರೆ ಮೇಲೇರಿ ಕಿಟಕಿಯಿಂದ ಹೋಗುತ್ತದೆ. ಗಾಳಿಯಲ್ಲಿ ಶೇ. 5ರಷ್ಟು ಸೇರಿದ ಮೇಲೆ ಹತ್ತಿಕೊಳ್ಳುತ್ತದೆ, ಎಲ್‌ಪಿಜಿಗೆ ಶೇ. 2ರ ಆಸುಪಾಸೇ ಸಾಕು. ಮನೆಯೊಳಗಿನ ಒತ್ತಡವೂ ಕೇವಲ 21 ಮಿಲಿಬಾರ್, ಸಿಲಿಂಡರ್ ರೆಗ್ಯುಲೇಟರಿನದು 30. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯೊಳಗೆ ದ್ರವರೂಪದ ದಾಸ್ತಾನು ಇಲ್ಲ.

ಆದರೆ ಗಾಳಿ ಈಗ ಮೇಲೆ ಬೇಕು. ಸೂರಿಗೆ ಹತ್ತಿರ ಒಂದು ಕಿಂಡಿಯೋ ಎಗ್ಸಾಸ್ಟ್ ಫ್ಯಾನಿನ ತೆರವೋ ಇರಲೇಬೇಕು. ಸುಳ್ಳು ಛಾವಣಿ (ಫಾಲ್ಸ್ ಸೀಲಿಂಗ್) ಹಾಕಿಸಿ ಆ ಕಿಂಡಿ ಮುಚ್ಚಿದ ಮನೆಗಳಲ್ಲಿ ಗ್ಯಾಸ್ ಅಲ್ಲೇ ಕೂಡಿಕೊಳ್ಳುತ್ತದೆ. ಕೊಳವೆ ಕಾಣಬಾರದೆಂದು ಗೋಡೆಯೊಳಗೆ ಹುಗಿಯಲು, ಮರದ ಕಪಾಟಿನೊಳಗೆ ಮುಚ್ಚಲು ಕಂಪನಿ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಹಾಗಾಗಿ ಹೊಸ ಮನೆ ಕಟ್ಟುವವರು ಗ್ರಾನೈಟ್ ಕೂರಿಸುವ ಮೊದಲೇ ಕಟ್ಟೆಯಲ್ಲಿ ಒಂದು ತೂತು, ಹೊರಗೋಡೆಯಿಂದ ಅಡುಗೆಮನೆಗೆ ನೇರ ದಾರಿ ಯೋಚಿಸಿಟ್ಟರೆ ಆಮೇಲೆ ಟೈಲ್ಸ್ ಒಡೆಯುವ ಕೆಲಸ ತಪ್ಪುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಸಂಘದ ಒಪ್ಪಿಗೆ ಪತ್ರ ಬೇಕು. ಸಾಕಷ್ಟು ಮನೆಯವರು ಹೆಸರು ಕೊಡದಿದ್ದರೆ ಕಂಪನಿ ಲೈನ್ ಎಳೆಯಲು ಉತ್ಸಾಹ ತೋರುವುದಿಲ್ಲ.

ಒಲೆ ಹೊಸದು ಬೇಡ, ಜೆಟ್ ಬದಲಿಸಬೇಕು. ನೈಸರ್ಗಿಕ ಅನಿಲದ ಶಾಖ ಗಾತ್ರಕ್ಕೆ ಗಾತ್ರ ಎಲ್‌ಪಿಜಿಯ ಅರ್ಧಕ್ಕಿಂತ ಕಡಿಮೆ, ಒತ್ತಡವೂ ಕಡಿಮೆ; ಅದಕ್ಕೆ ದೊಡ್ಡ ತೂತಿನ ಜೆಟ್ ಬೇಕು. ಎಲ್‌ಪಿಜಿ ಜೆಟ್ಟನ್ನೇ ಉಳಿಸಿದರೆ ಜ್ವಾಲೆ ಗುಬ್ಬಚ್ಚಿಯಷ್ಟಾಗಿ ಅನ್ನ ಬೇಯಲು ದುಪ್ಪಟ್ಟು ಹೊತ್ತು. ಉಲ್ಟಾ ಆದರೆ ಅಪಾಯ. ಪೈಪ್‌ಲೈನಿಗೆ ಬದಲಿಸಿದ ಒಲೆಯನ್ನು ಊರ ಮನೆಗೆ ಒಯ್ದು ಸಿಲಿಂಡರಿಗೆ ಹಚ್ಚಿದರೆ ಉದ್ದನೆ ಹಳದಿ ಜ್ವಾಲೆ, ಮಸಿ, ಅರೆಬರೆ ಉರಿದಾಗ ಹುಟ್ಟುವ ವಿಷಾನಿಲ. ಹಳೆಯ ಜೆಟ್ಟುಗಳನ್ನು ಒಂದು ಪೊಟ್ಟಣದಲ್ಲಿ ಕಟ್ಟಿ ಎತ್ತಿಟ್ಟುಕೊಳ್ಳಿ.

ಬಾಡಿಗೆದಾರರಿಗೆ ಇದು ಅಷ್ಟು ಹೊಂದದು. ಸಂಪರ್ಕ ಮನೆಗೆ ಸೇರಿದ್ದು, ಠೇವಣಿ ಯಾರದು ಎಂಬ ತಕರಾರು ಮಾಲೀಕರ ಜೊತೆ ಮೊದಲೇ ಬರಹದಲ್ಲಿ ಮುಗಿಯಬೇಕು. ಮನೆ ಖಾಲಿ ಬಿಟ್ಟರೂ ಕನಿಷ್ಠ ಶುಲ್ಕ ಬೀಳುತ್ತದೆಯೇ ಎಂದು ಅರ್ಜಿಗೆ ಮುನ್ನ ಕೇಳಿ. ರಸ್ತೆ ಅಗೆತ ನಿಲ್ಲದ ನಮ್ಮ ನಗರಗಳಲ್ಲಿ ಇನ್ನೊಂದು ಪೀಡೆ ಉಂಟು: ನೀರಿನ ಪೈಪಿಗೋ ಕೇಬಲ್ಲಿಗೋ ಅಗೆಯುವ ಜೆಸಿಬಿ ಗ್ಯಾಸಿನ ಪ್ಲಾಸ್ಟಿಕ್ ಕೊಳವೆಯನ್ನು ಕತ್ತರಿಸಿದರೆ ಇಡೀ ಬಡಾವಣೆಗೆ ಕೆಲವು ಗಂಟೆ ಗ್ಯಾಸಿಲ್ಲ. ಒಂದು ಇಂಡಕ್ಷನ್ ಒಲೆ ಮೂಲೆಯಲ್ಲಿರಲಿ.

ಗೋಬರ್ ಗ್ಯಾಸ್

ದನವಿದ್ದು, ತೋಟವೋ ಗದ್ದೆಯೋ ಇದ್ದು, ದಿನಾ ಮುಕ್ಕಾಲು ಗಂಟೆ ಕೊಡಲು ಮನೆಯಲ್ಲಿ ಒಬ್ಬರಿದ್ದರೆ ಇದಕ್ಕೆ ಸಾಟಿಯಿಲ್ಲ. ಮೂರರಲ್ಲಿ ಒಂದು ಇಲ್ಲದಿದ್ದರೂ ಕಟ್ಟಿಸಬೇಡಿ, ಹಾಳು ಬಿದ್ದ ಗುಂಡಿಗಳು ಊರೂರಲ್ಲಿ ಇವೆ. ಶಿರಸಿ ಸೀಮೆಯಲ್ಲಿ ಗೋಬರ್ ಗ್ಯಾಸ್ ಗಟ್ಟಿಯಾಗಿ ನೆಲೆಯೂರಿದ್ದಕ್ಕೆ ಕಾರಣವೂ ಇದೇ. ಅಡಿಕೆ ತೋಟಕ್ಕೆ ಗೊಬ್ಬರ ಬೇಕು, ಕೊಟ್ಟಿಗೆ ಮನೆಗೆ ಅಂಟಿಕೊಂಡೇ ಇದೆ, ಸಗಣಿ ಹೇಗೂ ಎತ್ತಲೇಬೇಕು. ಗ್ಯಾಸ್ ನಡುದಾರಿಯ ಲಾಭ. ಗುಂಡಿಯಲ್ಲಿ ಕೊಳೆತು ಹೊರಬರುವ ಸಗಣಿಯ ಬಗ್ಗಡದಲ್ಲಿ ಗೊಬ್ಬರದ ಸಾರ ಹಾಗೆಯೇ ಉಳಿದಿರುತ್ತದೆ, ಕಳೆಯ ಬೀಜ ಬಹುಪಾಲು ಸತ್ತಿರುತ್ತದೆ.

ಗಾತ್ರದ ಲೆಕ್ಕ ಹೀಗೆ. ಒಂದು ಕಿಲೋ ಹಸಿ ಸಗಣಿಯಿಂದ 35ರಿಂದ 40 ಲೀಟರ್ ಗ್ಯಾಸ್. ಕಟ್ಟಿ ಸಾಕುವ ಒಂದು ಹಸುವಿನಿಂದ ದಿನಕ್ಕೆ 10 ಕಿಲೋ ಸಗಣಿ ಹಿಡಿಯಬಹುದು. ಹಗಲು ಮೇಯಲು ಹೋಗುವ ಮಲೆನಾಡು ಗಿಡ್ಡದಿಂದ ಅದರ ಅರ್ಧವೂ ಸಿಗುವುದು ಕಷ್ಟ. 2 ಘನ ಮೀಟರಿನ, ಅಂದರೆ ದಿನಕ್ಕೆ ಅಷ್ಟು ಗ್ಯಾಸ್ ಕೊಡುವ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ ಬೇಕು, ಅಂದರೆ ಕೊಟ್ಟಿಗೆಯಲ್ಲೇ ಇರುವ ನಾಲ್ಕೈದು ದನ. 1 ಘನ ಮೀಟರಿಗೆ 25 ಕಿಲೋ, 3ಕ್ಕೆ 75. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 430 ಗ್ರಾಂ ಎಲ್‌ಪಿಜಿಗೆ ಸಮ. 2 ಘನ ಮೀಟರಿನದು ಪೂರ್ತಿ ಕೆಲಸ ಮಾಡಿದರೆ ತಿಂಗಳಿಗೆ 25 ಕಿಲೋ ಎಲ್‌ಪಿಜಿಯ ಹತ್ತಿರ, ಸಿಲಿಂಡರ್ ಒಂದೂಮುಕ್ಕಾಲು. ಚಳಿಗಾಲದಲ್ಲಿ, ಸಗಣಿ ಕಡಿಮೆಯಾದ ದಿನಗಳಲ್ಲಿ ಇಳಿಯುವುದನ್ನು ಹಿಡಿದರೂ ಐದಾರು ಜನರ ಅಡುಗೆಗೆ ಸಾಲುತ್ತದೆ. ಎಷ್ಟೋ ಮನೆಯವರು ದನ ಮೂರಿದ್ದರೂ ಮುಂದೆ ಬೇಕಾದೀತೆಂದು 4 ಘನ ಮೀಟರಿನದು ಕಟ್ಟಿಸುತ್ತಾರೆ. ಅರೆಹೊಟ್ಟೆಯ ಗುಂಡಿಯಲ್ಲಿ ಒತ್ತಡವೇ ಏಳುವುದಿಲ್ಲ. ಚಿಕ್ಕದು ಕಟ್ಟಿಸಿ ಹೊಟ್ಟೆ ತುಂಬ ಹಾಕಿ.

ಮಾದರಿಯಲ್ಲಿ ಎರಡರ ನಡುವೆ ಆಯ್ಕೆ. ಖಾದಿ ಗ್ರಾಮೋದ್ಯೋಗ ಆಯೋಗದ ತೇಲುಡ್ರಮ್ಮಿನದು ಕಣ್ಣಿಗೆ ಕಾಣುವ ವ್ಯವಸ್ಥೆ. ಡ್ರಮ್ ಮೇಲಿದ್ದರೆ ಗ್ಯಾಸ್ ಇದೆ, ಇಳಿದಿದ್ದರೆ ಇಲ್ಲ, ಒತ್ತಡ ಸದಾ ಒಂದೇ. ಆದರೆ ಉಕ್ಕಿನ ಡ್ರಮ್ ತುಕ್ಕು ಹಿಡಿಯುತ್ತದೆ, ಪ್ರತಿ ಬೇಸಿಗೆ ಬಣ್ಣ ಹೊಡೆಯಬೇಕು. ಕರಾವಳಿಯ ಉಪ್ಪು ಗಾಳಿಗೆ ಇನ್ನೂ ಬೇಗ. 1984ರಲ್ಲಿ ಬಂದ ದೀನಬಂಧು ಮಾದರಿ ನೆಲದೊಳಗಿನ ಇಟ್ಟಿಗೆಯ ಗುಮ್ಮಟ. ಅಲುಗಾಡುವ ಭಾಗ ಒಂದೂ ಇಲ್ಲ, ಖರ್ಚು ಕಡಿಮೆ, ನೆಲದ ಬಿಸಿ ಕಾಯ್ದುಕೊಳ್ಳುವುದರಿಂದ ಚಳಿಗೂ ವಾಸಿ. ಇದರ ಹಣೆಬರಹ ಮಾತ್ರ ಗಾರೆಯವನ ಕೈಯಲ್ಲಿ. ಗುಮ್ಮಟದ ಒಳಮೈಗೆ ಗಿಲಾಯಿ ಪದರ ಪದರವಾಗಿ ಬೀಳದೆ ಕೂದಲೆಳೆ ಬಿರುಕು ಉಳಿದರೂ ಗ್ಯಾಸ್ ಸದ್ದಿಲ್ಲದೆ ಹೋಗುತ್ತದೆ. ಮನೆ ಕಟ್ಟುವ ಮೇಸ್ತ್ರಿ ಬೇಡ, ಇದನ್ನೇ ಕಟ್ಟಿ ತರಬೇತಾದವರು ಬೇಕು. ನಮ್ಮಲ್ಲಿ ಹೊಸದಾಗಿ ಕಟ್ಟಿಸುವುದಾದರೆ ದೀನಬಂಧುವೇ ಮೇಲು. ಸರ್ಕಾರದ ಸಹಾಯಧನವನ್ನು ಗುಂಡಿ ತೋಡುವ ಮೊದಲೇ ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ.

ಜಾಗ ಬಿಸಿಲು ಬೀಳುವಂಥದ್ದಿರಲಿ, ಕೊಟ್ಟಿಗೆಗೆ ಹತ್ತಿರ, ಅಡುಗೆಮನೆಯಿಂದ 20 ಮೀಟರಿನೊಳಗೆ, ಬಾವಿಯಿಂದ ಕನಿಷ್ಠ 15 ಮೀಟರ್ ದೂರ. ಹಲಸು, ಮಾವಿನ ಮರದ ಬುಡ ಬೇಡ, ಬೇರು ಗೋಡೆ ಸೀಳುತ್ತದೆ. ಗ್ಯಾಸಿನ ಕೊಳವೆ ಒಂದೇ ಕಡೆಗೆ ಇಳಿಜಾರಾಗಿರಬೇಕು, ತಗ್ಗಿನಲ್ಲಿ ನೀರು ಬಿಡುವ ನಲ್ಲಿ ಬೇಕು. ಈ ಗ್ಯಾಸ್ ಒದ್ದೆ. ನೀರು ಕೊಳವೆಯ ಬಾಗಿನಲ್ಲಿ ನಿಂತರೆ ಒಲೆ ಲಬಲಬ ಎಂದು ಆರಿ ಆರಿ ಹತ್ತುತ್ತದೆ. ಗ್ಯಾಸೇ ಬರುತ್ತಿಲ್ಲ ಎನ್ನುವ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಈ ನಲ್ಲಿಯನ್ನು.

ಮೊದಲ ತುಂಬಿಗೆ ಟನ್‌ಗಟ್ಟಲೆ ಸಗಣಿ ಬೇಕು, ವಾರಗಟ್ಟಲೆ ಮುಂಚಿನಿಂದ ಕೂಡಿಹಾಕಿ. ನಡೆಯುತ್ತಿರುವ ಇನ್ನೊಂದು ಗುಂಡಿಯ ಕೆಲವು ಕೊಡ ಬಗ್ಗಡ ಹೆಪ್ಪಿಗೆ ಹಾಕಿದರೆ ಎರಡು ಮೂರು ವಾರದಲ್ಲಿ ಗ್ಯಾಸ್ ಏಳುತ್ತದೆ. ಮೊದಲು ಬಂದ ಗ್ಯಾಸನ್ನು ಹಚ್ಚದೆ ಹೊರಬಿಡಿ. ಅದರಲ್ಲಿ ಗಾಳಿ ಬೆರೆತಿರುತ್ತದೆ, ಕಿಡಿ ತಾಗಿದರೆ ಒಳಗೇ ಸಿಡಿಯಬಹುದು. ಆಮೇಲೆ ದಿನವೂ ಸಗಣಿಗೆ ಸಮ ನೀರು ಹಾಕಿ, ಹುಲ್ಲು ಕಡ್ಡಿ ಆಯ್ದು, ಕಲಸಿ ಬಿಡುವುದು. ಜರ್ಸಿ, ಎಚ್ಎಫ್ ಹಸುಗಳ ತೆಳು ಸಗಣಿಗೆ ನೀರು ಕಡಿಮೆ ಸಾಕು. ಕೊಟ್ಟಿಗೆ ತೊಳೆದ ನೀರನ್ನೆಲ್ಲ ಒಳಬಿಟ್ಟರೆ ಸಗಣಿ ಕೊಳೆಯಲು ಬೇಕಾದ 40 ದಿನ ಸಿಗದೆ ಹಸಿಯಾಗಿಯೇ ಹೊರಬೀಳುತ್ತದೆ. ಫಿನಾಯಿಲ್, ಸೋಪಿನ ನೀರು, ಔಷಧಿ ಕೊಟ್ಟ ದನದ ಸಗಣಿ ಒಳಗಿನ ಜೀವಾಣುಗಳನ್ನು ಕೊಲ್ಲುತ್ತದೆ. ಹುಲ್ಲು ಹೆಚ್ಚಾದರೆ ಮೇಲೆ ಕೆನೆಗಟ್ಟಿ ಗ್ಯಾಸ್ ಮೇಲೇಳದು. ಒಳದಾರಿಯಿಂದ ಬಿದಿರಿನ ಗಳ ಹಾಕಿ ಕದಡಬೇಕು. ಒಳಗೆ ಏನೇ ಕಟ್ಟಿಕೊಂಡು ನಿಂತರೂ ಗುಂಡಿಯೊಳಗೆ ಇಳಿಯಬಾರದು. ಅಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಇಳಿದವರನ್ನು ಎತ್ತಲು ಹೋದವರೂ ಸತ್ತ ಉದಾಹರಣೆಗಳಿವೆ.

ಒಲೆ ಗೋಬರ್ ಗ್ಯಾಸಿನದೇ ಬೇಕು. ದೀನಬಂಧುವಿನಲ್ಲಿ ಬೆಳಿಗ್ಗೆ ಒತ್ತಡ ಹೆಚ್ಚಿದ್ದು ಜ್ವಾಲೆ ಬರ್ನರಿನಿಂದ ಮೇಲೆದ್ದು ಆರುತ್ತದೆ, ಆಗ ಒಲೆಗೆ ಗ್ಯಾಸ್ ಬರುವ ನಲ್ಲಿಯನ್ನು ಅರ್ಧ ಮುಚ್ಚಿ. ಜ್ವಾಲೆ ತೆಳು ನೀಲಿ, ಹಗಲಲ್ಲಿ ಕಾಣುವುದೇ ಕಷ್ಟ. ಸೀರೆ ಸೆರಗು, ಮಕ್ಕಳ ಕೈ ಜೋಪಾನ.

ಲೀಕಾದಾಗ

ಮೂರಕ್ಕೂ ಸಮಾನವಾದದ್ದು: ಸ್ವಿಚ್ ಹಾಕಬೇಡಿ, ಆರಿಸಲೂ ಬೇಡಿ, ಫೋನನ್ನು ಹೊರಗೆ ಹೋಗಿ ಬಳಸಿ. ಸಿಲಿಂಡರಾದರೆ ರೆಗ್ಯುಲೇಟರ್ ಮುಚ್ಚಿ, ಬಿಚ್ಚಿ, ಸುರಕ್ಷತಾ ಮುಚ್ಚಳ ಹಾಕಿ, ನೆಲಮಟ್ಟದ ಬಾಗಿಲುಗಳನ್ನು ತೆರೆದು 1906ಕ್ಕೆ ಕರೆ ಮಾಡಿ. ಪೈಪ್‌ಲೈನಾದರೆ ಮೀಟರ್ ಬಳಿಯ ವಾಲ್ವ್ ಮುಚ್ಚಿ, ಮೇಲಿನ ಕಿಟಕಿ ತೆರೆಯಿರಿ. ತುರ್ತು ಸಂಖ್ಯೆ ಬಿಲ್ಲಿನ ಮೇಲಿರುತ್ತದೆ, ಅದನ್ನು ಮೀಟರಿನ ಪಕ್ಕ ಬರೆದು ಅಂಟಿಸಿ. ಸಿಲಿಂಡರ್ ಗ್ಯಾಸಿನ ಕೆಟ್ಟ ವಾಸನೆ ಬೇಕೆಂದೇ ಬೆರೆಸಿದ್ದು, ಪೈಪ್‌ಲೈನಿನದಕ್ಕೂ ಹಾಗೇ. ಗೋಬರ್ ಗ್ಯಾಸಿನದು ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆಯ ನಾತ. ಅದನ್ನು ಸೋಸಿ ತೆಗೆದಿದ್ದರೆ ವಾಸನೆ ನಂಬಿ ಕೂರಬಾರದು, ತಿಂಗಳಿಗೊಮ್ಮೆ ಜೋಡುಗಳಿಗೆ ಸಾಬೂನು ನೀರು ಹಚ್ಚಿ ನೋಡಬೇಕು.

ಅಡುಗೆ ವ್ಯಾಪಾರ ಇದ್ದರೆ

ಮನೆಯಲ್ಲೇ ಮೆಸ್, ಕ್ಯಾಟರಿಂಗ್, ತಿಂಡಿ ಗಾಡಿ ನಡೆಸುವವರು 14.2 ಕಿಲೋದ ಸಿಲಿಂಡರ್ ಬಳಸುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರೇ ಬೇಕು. ಅದರ ಜಿಎಸ್‌ಟಿ ಶೇ. 18, ಜಿಎಸ್‌ಟಿ ನೋಂದಣಿ ಇದ್ದರೂ ಎಲ್ಲ ಹೋಟೆಲುಗಳಿಗೆ ತೆರಿಗೆ ಹಿಂಪಡೆಯುವ ಅವಕಾಶವಿಲ್ಲ, ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಿ. ಮನೆ ಸಿಲಿಂಡರ್ ಬಳಸಿ ಸಿಕ್ಕಿಬಿದ್ದರೆ ಅದು ಜಪ್ತಿ. ಬೀದಿಯಲ್ಲಿ ಕೊಳವೆ ಇದ್ದರೆ ವಾಣಿಜ್ಯ ಪೈಪ್‌ಲೈನ್ ದರ ಕೇಳಿ ನೋಡುವುದು ಇಲ್ಲಿ ನಿಜಕ್ಕೂ ಲಾಭದ ಕೆಲಸ, ಬಳಕೆ ದೊಡ್ಡದಾದ್ದರಿಂದ ಯೂನಿಟ್ಟಿಗೆ ಎರಡು ರೂಪಾಯಿಯೂ ಲೆಕ್ಕಕ್ಕೆ ಬರುತ್ತದೆ.

ಬದಲಿಸುವಾಗ

ಪೈಪ್‌ಲೈನ್ ಬಂದ ಕೂಡಲೇ ಸಿಲಿಂಡರನ್ನು ನೆರೆಮನೆಗೆ ಕೊಡುವುದಾಗಲಿ ಮಾರುವುದಾಗಲಿ ಕೂಡದು, ಅದು ಕಂಪನಿಯ ಸ್ವತ್ತು. ಏಜೆನ್ಸಿಗೆ ಹೋಗಿ ಸಿಲಿಂಡರ್, ರೆಗ್ಯುಲೇಟರ್, ಗ್ರಾಹಕರ ಪುಸ್ತಕ ಮತ್ತು ಮೂಲ ಠೇವಣಿ ರಸೀದಿ ಒಪ್ಪಿಸಿ ಮುಕ್ತಾಯ ಚೀಟಿ ಪಡೆಯಿರಿ. ಸಂಪರ್ಕ ಪಡೆದಾಗ ಕಟ್ಟಿದ ಠೇವಣಿಯಷ್ಟೇ ವಾಪಸು ಬರುತ್ತದೆ, ಇವತ್ತಿನ ಠೇವಣಿ ದರವಲ್ಲ. ರಸೀದಿ ಕಳೆದಿದ್ದರೆ ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಸಂಪರ್ಕ ತೀರಿಹೋದ ತಂದೆಯವರ ಹೆಸರಿನಲ್ಲೇ ಇದ್ದರೆ ಮೊದಲು ಹೆಸರು ಬದಲಾವಣೆ, ಆಮೇಲೆ ಒಪ್ಪಿಸುವುದು. ಪೈಪ್‌ಲೈನ್ ಮೀಟರ್ ಕೂರಿಸಿ, ಜೆಟ್ ಬದಲಿಸಿ, ಎರಡು ದಿನ ಅಡುಗೆ ಮಾಡಿ ನೋಡಿದ ಮೇಲೆಯೇ ಇದಕ್ಕೆ ಹೊರಡಿ.